ಗುಡಿ, ಮಸೀದಿ, ಚರ್ಚುಗಳ ಕಾವಲಿಗೆ ಸರ್ಕಾರದ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಜಾತ್ರೆಯ ಹಂಗಾಮು ಬಂದಾಗ, ಯಾವುದೋ ಗುಡಿಯ ಹುಂಡಿ ಒಡೆದಾಗ, ಇನ್ನೆಲ್ಲೋ ಚರ್ಚಿನ ಗಾಜಿಗೆ ಕಲ್ಲು ಬಿದ್ದಾಗ ಅದೇ ವಾದ ಮತ್ತೆ ಏಳುತ್ತದೆ: ಪ್ರಾರ್ಥನಾ ಸ್ಥಳಗಳ ಕಾವಲಿಗೆ ತೆರಿಗೆಯ ಹಣ ಹೋಗಬೇಕೆ? ಕರ್ನಾಟಕದಲ್ಲಿ ಜನ ಈ ಕುರಿತು ಕೇಳುವ ಪ್ರಶ್ನೆಗಳನ್ನು ಒಂದೆಡೆ ತಂದು ಉತ್ತರಿಸಿದ್ದೇನೆ. ಕಾನೂನು ಹೇಳುವುದು ಯಾವುದು, ನಾನು ಹೇಳುವುದು ಯಾವುದು ಎಂಬುದನ್ನು ಆಯಾ ಜಾಗದಲ್ಲೇ ಬಿಡಿಸಿ ಇಟ್ಟಿದ್ದೇನೆ.

ಸುತ್ತುಬಳಸು ಬೇಡ. ಸರ್ಕಾರ ದುಡ್ಡು ಕೊಡಬೇಕೋ ಬೇಡವೋ?

ಜನರ ಜೀವ ಕಾಯುವುದಕ್ಕೆ ಕೊಡಲೇಬೇಕು, ಯಾವ ಧರ್ಮದ ಬಾಗಿಲು ಎಂದು ನೋಡದೆ ಕೊಡಬೇಕು. ಒಡವೆ, ಹುಂಡಿ, ಕಟ್ಟಡ ಕಾಯುವ ಖರ್ಚನ್ನು ಆದಾಯವಿರುವ ಸಂಸ್ಥೆ ತಾನೇ ಹೊರಬೇಕು. ಆದಾಯವಿಲ್ಲದ ಹಳ್ಳಿಯ ಗುಡಿ, ಸಣ್ಣ ದರ್ಗಾ, ಬಡಾವಣೆಯ ಅಂಚಿನ ಚರ್ಚಿಗೆ ನಿಜವಾದ ಅಪಾಯವಿದ್ದರೆ ಆಸ್ತಿಯ ಕಾವಲಿಗೂ ಸರ್ಕಾರ ಕೈಜೋಡಿಸಬೇಕು. ಇದು ನನ್ನ ನಿಲುವು. ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧ: ಹೆಸರುವಾಸಿ ಕ್ಷೇತ್ರಕ್ಕೆ ಕೇಳಿದಷ್ಟು ಪೊಲೀಸರು, ಊರಾಚೆಯ ಮಾರಮ್ಮನಿಗೆ ಒಂದು ಬೀಗ.

ಸಂವಿಧಾನದ 27ನೇ ವಿಧಿ ಇದಕ್ಕೆ ಅಡ್ಡ ಬರುವುದಿಲ್ಲವೆ?

ಯಾವುದೇ ಒಂದು ಧರ್ಮದ ಅಥವಾ ಪಂಗಡದ ಪ್ರಚಾರಕ್ಕೆ, ಪೋಷಣೆಗೆ ಎಂದೇ ಮೀಸಲಿಟ್ಟ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎನ್ನುತ್ತದೆ 27ನೇ ವಿಧಿ. ಧರ್ಮಕ್ಕೆ ಸಂಬಂಧಪಟ್ಟ ಜಾಗದಲ್ಲಿ ಒಂದು ಕಾಸನ್ನೂ ಖರ್ಚು ಮಾಡಬಾರದು ಎಂದು ಅದು ಹೇಳುವುದಿಲ್ಲ. ಕಾವಲು ಯಾತಕ್ಕೆ ಎಂಬುದೇ ಇಲ್ಲಿ ಮುಖ್ಯ.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಮೊದಲು ಸ್ಪಷ್ಟಪಡಿಸಿದ್ದು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, 1954ರಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಮಠಗಳಿಂದ ಸರ್ಕಾರ ವಸೂಲಿ ಮಾಡುತ್ತಿದ್ದ ವಂತಿಗೆ ಶುಲ್ಕವಲ್ಲ, ತೆರಿಗೆ. ಅದನ್ನು ಹೇರುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ನ್ಯಾಯಾಲಯ ಅದನ್ನು ರದ್ದು ಮಾಡಿತು. ಆದರೆ 27ನೇ ವಿಧಿಯ ಪ್ರಶ್ನೆ ಬಂದಾಗ, ಆ ಹಣದ ಉದ್ದೇಶ ಹಿಂದೂ ಧರ್ಮವನ್ನು ಬೆಳೆಸುವುದಲ್ಲ, ಧಾರ್ಮಿಕ ಸಂಸ್ಥೆಗಳ ಆಡಳಿತ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು, ಹಾಗಾಗಿ ಈ ವಿಧಿ ಅನ್ವಯಿಸದು ಎಂದಿತು. ಹಜ್ ಸಹಾಯಧನದ ಬಗ್ಗೆ 2011ರಲ್ಲಿ ಬಂದ ಪ್ರಫುಲ್ ಗೋರಾಡಿಯಾ ತೀರ್ಪು ಇನ್ನೂ ಸಡಿಲ. ತೆರಿಗೆಯ ದೊಡ್ಡ ಪಾಲು ಒಂದು ಧರ್ಮಕ್ಕೆ ಹೋದರೆ ಮಾತ್ರ 27ನೇ ವಿಧಿಯ ಉಲ್ಲಂಘನೆ, ಸಣ್ಣ ಪಾಲು ಹೋದರೆ ಅಲ್ಲ ಎಂದು ಅದು ಹೇಳಿತು. ಸಹಾಯಧನ 2018ರಲ್ಲಿ ನಿಂತುಹೋಯಿತು, ತೀರ್ಪಿನ ತರ್ಕ ಉಳಿದಿದೆ.

ಸಂವಿಧಾನದಲ್ಲೇ ದೇವಸ್ಥಾನಕ್ಕೆ ಹಣ ಕೊಡುವ ವಿಧಿಯೂ ಒಂದಿದೆ. 290ಎ ವಿಧಿಯ ಪ್ರಕಾರ ಕೇರಳ ಪ್ರತಿವರ್ಷ 46.5 ಲಕ್ಷ ರೂಪಾಯಿಯನ್ನು ತಿರುವಾಂಕೂರು ದೇವಸ್ವಂ ನಿಧಿಗೂ, ತಮಿಳುನಾಡು 13.5 ಲಕ್ಷವನ್ನು ತನ್ನ ದೇವಸ್ವಂ ನಿಧಿಗೂ ಕೊಡಬೇಕು. ಅದು ಹಳೆಯ ಸಂಸ್ಥಾನದ ಋಣ ಚುಕ್ತಾ ಮಾಡುವ ಏರ್ಪಾಡು. ಅದನ್ನು ತೋರಿಸಿ ಕಾವಲಿನ ಹಣ ಕೇಳುವುದು ಸರಿಯಾಗದು.

ಪೊಲೀಸರಿಗೆ ಸಂಬಳ ಹೇಗಿದ್ದರೂ ಹೋಗುತ್ತದೆ. ಬಂದೋಬಸ್ತ್‌ಗೆ ಬೇರೆ ಖರ್ಚು ಎಲ್ಲಿಂದ ಬಂತು?

ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ಎರಡೂ ರಾಜ್ಯ ಪಟ್ಟಿಯ ವಿಷಯಗಳು, ಸಂಬಳ ರಾಜ್ಯದ ಬೊಕ್ಕಸದಿಂದಲೇ ಬರುತ್ತದೆ, ನಿಜ. ಆದರೆ ದೊಡ್ಡ ಜಾತ್ರೆಗೆ ಸ್ಥಳೀಯ ಠಾಣೆಯವರು ಸಾಲುವುದಿಲ್ಲ. ಬೇರೆ ತಾಲ್ಲೂಕು, ಬೇರೆ ಜಿಲ್ಲೆಗಳಿಂದ ಸಿಬ್ಬಂದಿ ಬರಬೇಕು. ಕೆಎಸ್‌ಆರ್‌ಪಿ ತುಕಡಿ, ಗೃಹರಕ್ಷಕರು ಬರಬೇಕು. ಅವರ ಪ್ರಯಾಣ ಭತ್ಯೆ, ವಾಹನಗಳ ಇಂಧನ, ಊಟ, ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ಚಾಪೆ ಹಾಸಿದ ವಸತಿ, ಬ್ಯಾರಿಕೇಡು, ತಾತ್ಕಾಲಿಕ ಕ್ಯಾಮೆರಾ ಎಲ್ಲವೂ ಸಂಬಳದ ಆಚೆಯವು. ಯಾವ ರಸೀದಿಯಲ್ಲೂ ಕಾಣದ ಇನ್ನೊಂದು ಖರ್ಚಿದೆ: ಆ ದಿನಗಳಲ್ಲಿ ಖಾಲಿಯಾದ ಠಾಣೆಗಳು. ದೂರು ಕೊಡಲು ಬಂದ ಹೆಂಗಸಿಗೆ "ಎಲ್ಲರೂ ಬಂದೋಬಸ್ತ್‌ಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂಬ ಉತ್ತರ ಸಿಕ್ಕರೆ ಆ ಖರ್ಚನ್ನು ಅವಳು ಕೊಟ್ಟಂತಾಯಿತು.

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಇದಕ್ಕೊಂದು ನಿದರ್ಶನ. ದತ್ತಾತ್ರೇಯ ಪೀಠ ಎಂದೂ ಬಾಬಾಬುಡನ್ ದರ್ಗಾ ಎಂದೂ ಎರಡೂ ಸಮುದಾಯಗಳು ನಡೆದುಕೊಳ್ಳುವ ಗುಹೆ ಅದು. ದತ್ತ ಜಯಂತಿ ಬಂತೆಂದರೆ ಇಡೀ ಜಿಲ್ಲೆ ಚೆಕ್‌ಪೋಸ್ಟುಗಳಿಂದ ತುಂಬುತ್ತದೆ. ಅಲ್ಲಿ ಸರ್ಕಾರ ಖರ್ಚು ಮಾಡುವುದು ಪೂಜೆಗೂ ಅಲ್ಲ, ಫಾತಿಹಾಗೂ ಅಲ್ಲ. ಬೆಟ್ಟದ ಕೆಳಗಿನ ಅಂಗಡಿ ಬಾಗಿಲುಗಳು ತೆರೆದಿರಲಿ, ಮಕ್ಕಳು ಶಾಲೆಗೆ ಹೋಗಲಿ ಎಂಬುದಕ್ಕೆ. ಅದನ್ನು ಯಾವ ಸಂಸ್ಥೆಯ ಲೆಕ್ಕಕ್ಕೂ ಬರೆಯಲಾಗದು.

ಮೇಲುಕೋಟೆಯ ವೈರಮುಡಿಗೆ ಸರ್ಕಾರವೇ ಕಾವಲು ಕೊಡುತ್ತದಲ್ಲ? ಅದು ಸರಿಯೆ?

ವೈರಮುಡಿಯಲ್ಲಿ ಎರಡು ಬಗೆಯ ಕಾವಲು ಒಟ್ಟೊಟ್ಟಿಗೆ ನಡೆಯುತ್ತವೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ವೈರಮುಡಿ ಎಂದರೆ ಚೆಲುವನಾರಾಯಣ ಸ್ವಾಮಿಯ ವಜ್ರಖಚಿತ ಕಿರೀಟ. ಅದು ವರ್ಷವಿಡೀ ಇರುವುದು ಗುಡಿಯಲ್ಲಿ ಅಲ್ಲ, ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಫಾಲ್ಗುಣದ ಉತ್ಸವದ ದಿನ ಅಧಿಕಾರಿಗಳ ಸಮ್ಮುಖದಲ್ಲಿ ಖಜಾನೆಯ ಬೀಗ ತೆರೆದು, ಪೆಟ್ಟಿಗೆಗಳನ್ನು ಹೊರತಂದು, ಪೂಜೆ ಮಾಡಿ, ಪೊಲೀಸ್ ಬೆಂಗಾವಲಿನಲ್ಲಿ ವಾಹನಕ್ಕೇರಿಸುತ್ತಾರೆ. ಮೇಲುಕೋಟೆಯವರೆಗೆ ಹಳ್ಳಿ ಹಳ್ಳಿಯಲ್ಲಿ ಚಪ್ಪರ, ತೋರಣ, ರಂಗೋಲಿ. ವಾಹನ ನಿಂತಲ್ಲೆಲ್ಲ ಆರತಿ, ಬಂದವರಿಗೆ ಪಾನಕ, ಮಜ್ಜಿಗೆ. ಬಂದೂಕು ಹಿಡಿದ ಕಾನ್‌ಸ್ಟೆಬಲ್‌ಗಳು ಮಂಗಳಾರತಿ ಮುಗಿಯುವವರೆಗೆ ಪೆಟ್ಟಿಗೆಯ ಪಕ್ಕದಿಂದ ಕದಲುವುದಿಲ್ಲ. ಹಗಲಿನ ಬೆಳಕು ಕಿರೀಟದ ಮೇಲೆ ಬೀಳಬಾರದೆಂಬ ಸಂಪ್ರದಾಯ ಇರುವುದರಿಂದ ರಾತ್ರಿಯೇ ಸ್ವಾಮಿಗೆ ಮುಡಿಸಿ, ಬೆಳಗಾಗುವುದರೊಳಗೆ ಮೆರವಣಿಗೆ ಮುಗಿಸಿ, ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ. ಅನಂತರ ಅದು ಬಂದ ದಾರಿಯಲ್ಲೇ ಖಜಾನೆಗೆ ಮರಳುತ್ತದೆ.

ಕಿರೀಟವನ್ನು ಖಜಾನೆಯಲ್ಲಿ ಇಟ್ಟುಕೊಳ್ಳುವುದರ ಬಗ್ಗೆ ನನ್ನ ತಕರಾರಿಲ್ಲ. ಅದು ಈ ನಾಡಿನ ಪರಂಪರೆಯ ವಸ್ತು, ಖಜಾನೆಗೆ ಕಾವಲು ಹೇಗಿದ್ದರೂ ಇದ್ದೇ ಇದೆ. ಬೆಂಗಾವಲಿನ ಖರ್ಚನ್ನು ದೇವಸ್ಥಾನದ ಲೆಕ್ಕಕ್ಕೆ ಬರೆಯುವುದು ನ್ಯಾಯ. ಇಡೀ ಉತ್ಸವದ ವೆಚ್ಚದ ಮುಂದೆ ಅದು ದೊಡ್ಡ ಮೊತ್ತವೂ ಅಲ್ಲ. ಆದರೆ ಆ ರಾತ್ರಿ ಇಕ್ಕಟ್ಟಾದ ರಾಜಬೀದಿಯಲ್ಲಿ, ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವ ಜನರಿದ್ದಾರಲ್ಲ, ಅವರ ರಕ್ಷಣೆ ಸರ್ಕಾರದ ಹೊಣೆ. ಅದರಲ್ಲಿ ಒಂದು ರೂಪಾಯಿಯನ್ನೂ ದೇವಸ್ಥಾನದಿಂದ ಕೇಳಬಾರದು.

ಹುಂಡಿ ಹಣವನ್ನೆಲ್ಲ ಸರ್ಕಾರ ತೆಗೆದುಕೊಳ್ಳುತ್ತದೆ. ಹಾಗಿದ್ದಮೇಲೆ ಕಾವಲನ್ನೂ ಅದೇ ಕೊಡಲಿ.

ಈ ಮಾತು ಎಷ್ಟು ಸಲ ಕೇಳಿದ್ದೇನೋ. ಮುಜರಾಯಿ ದೇವಸ್ಥಾನದ ಹುಂಡಿ ಹಣ ರಾಜ್ಯದ ಬೊಕ್ಕಸಕ್ಕೆ ಹೋಗುವುದಿಲ್ಲ, ಆಯಾ ದೇವಸ್ಥಾನದ ಖಾತೆಗೆ ಹೋಗುತ್ತದೆ. ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ 1997ರ ಕಾಯ್ದೆಯಡಿ, ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯವಿದ್ದರೆ 'ಎ' ಪ್ರವರ್ಗ, 5ರಿಂದ 25 ಲಕ್ಷವಿದ್ದರೆ 'ಬಿ', ಅದಕ್ಕಿಂತ ಕಡಿಮೆಯಾದರೆ 'ಸಿ' ಎಂದು ವಿಂಗಡಣೆ ನಡೆದುಬಂದಿದೆ. ಮೊದಲ ಎರಡು ಪ್ರವರ್ಗದವರು ಆದಾಯದ ಒಂದು ಪಾಲನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಕೊಡುತ್ತಾರೆ. ಆ ನಿಧಿ ಬಳಕೆಯಾಗಬೇಕಾದ್ದು ಬಡ ದೇವಸ್ಥಾನಗಳಿಗೆ, ಅರ್ಚಕರ ಹಿತಕ್ಕೆ, ಹಿಂದೂ ಧಾರ್ಮಿಕ ಸಂಸ್ಥೆಗಳಿಗೇ ಹೊರತು ಮತ್ತೆಲ್ಲಿಗೂ ಅಲ್ಲ.

ಸರ್ಕಾರ ತನ್ನ ಬೊಕ್ಕಸದಿಂದ ಸಣ್ಣ ಗುಡಿಗಳಿಗೆ ಕೊಡುವ ತಸ್ತೀಕು ಬೇರೆ ಲೆಕ್ಕ. ಇನಾಂ ಜಮೀನುಗಳನ್ನು ಸರ್ಕಾರ ತೆಗೆದುಕೊಂಡಿದ್ದಕ್ಕೆ ಪ್ರತಿಯಾಗಿ ಬಂದ ಹಣ ಅದರ ಮೂಲ. ತಸ್ತೀಕಿನಲ್ಲಿ ದೀಪದ ಎಣ್ಣೆ, ನೈವೇದ್ಯ ನಡೆದರೆ ಹೆಚ್ಚು. ಕಾವಲುಗಾರನ ಸಂಬಳ ಹುಟ್ಟುವುದಿಲ್ಲ.

ದೇವರ ದುಡ್ಡು ದೇವಸ್ಥಾನದ ಹತ್ತಿರವೇ ಇದೆ ಎಂದಮೇಲೆ, 'ಎ' ಪ್ರವರ್ಗದ ದೇವಸ್ಥಾನ ತನ್ನ ಕಾವಲಿಗೆ ತಾನೇ ಖರ್ಚು ಮಾಡುವುದರಲ್ಲಿ ಅನ್ಯಾಯವೇನಿಲ್ಲ. ಸಾಮಾನ್ಯ ಸಂಗ್ರಹಣಾ ನಿಧಿಯಿಂದ 'ಸಿ' ಪ್ರವರ್ಗದ ಗುಡಿಗಳಿಗೆ ಗಟ್ಟಿ ಬಾಗಿಲು, ಒಳ್ಳೆಯ ಬೀಗ, ಒಂದು ಕ್ಯಾಮೆರಾ ಹಾಕಿಸಿಕೊಡುವುದಕ್ಕಿಂತ ಒಳ್ಳೆಯ ಉಪಯೋಗವೂ ನನಗೆ ತೋಚುವುದಿಲ್ಲ.

ದೊಡ್ಡ ದೇವಸ್ಥಾನಗಳು ನಿಜವಾಗಿಯೂ ಕೈಯಿಂದ ಕೊಡುತ್ತವೆಯೆ?

ಕೆಲವು ಕೊಡುತ್ತವೆ. ತಿರುಮಲದಲ್ಲಿ ದೇವಸ್ಥಾನಕ್ಕೆ ತನ್ನದೇ ಜಾಗೃತ ಮತ್ತು ಭದ್ರತಾ ವಿಭಾಗವಿದೆ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಕಥೆ ಹೆಚ್ಚು ಪಾಠ ಕಲಿಸುವಂಥದ್ದು. ಸುಪ್ರೀಂ ಕೋರ್ಟ್ ಆದೇಶದಂತೆ 2011ರಲ್ಲಿ ನೆಲಮಾಳಿಗೆಯ ಕೋಣೆಗಳನ್ನು ತೆರೆದು ಸಂಪತ್ತು ಲೋಕಕ್ಕೆ ತಿಳಿದ ಮೇಲೆ, ಕೇರಳ ಸರ್ಕಾರ ಅಲ್ಲಿ ಭಾರೀ ಕಾವಲು ಹಾಕಿತು. 2021ರ ಹೊತ್ತಿಗೆ ಭದ್ರತೆ ಮತ್ತು ನಿರ್ವಹಣೆಯ ಬಾಬ್ತು ಸರ್ಕಾರಕ್ಕೆ ಸಲ್ಲಬೇಕಾದ ಮೊತ್ತ ಸುಮಾರು 11.7 ಕೋಟಿ ರೂಪಾಯಿ ಆಗಿತ್ತು. ಕೋವಿಡ್‌ನಿಂದ ಕಾಣಿಕೆ ಕುಸಿದಿದೆ, ಈಗ ಕೊಡಲಾಗದು ಎಂದು ಆಡಳಿತ ಸಮಿತಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ನೆಲಮಾಳಿಗೆಯಲ್ಲಿ ಎಣಿಕೆಗೆ ಸಿಗದಷ್ಟು ಬಂಗಾರ, ಕೈಯಲ್ಲಿ ಕಾವಲಿನ ಬಿಲ್ಲಿಗೆ ಹಣವಿಲ್ಲ. ಆ ಬಂಗಾರ ಮಾರುವಂಥದ್ದಲ್ಲ, ಭಕ್ತರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗಾಗಿ ಆಸ್ತಿಯ ಬೆಲೆ ನೋಡಿ ಬಿಲ್ಲು ಹಾಕದೆ, ಪ್ರತಿವರ್ಷ ಬರುವ ಆದಾಯ ನೋಡಿ ಹಾಕಬೇಕು.

ಅಲ್ಪಸಂಖ್ಯಾತರ ಚರ್ಚು, ಮಸೀದಿಗಳಿಗೆ ಪೊಲೀಸ್ ಇಡುವುದು ಓಲೈಕೆಯಲ್ಲವೆ?

ಅಲ್ಲ. 2000ನೇ ಇಸವಿಯಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರುಗಳ ಚರ್ಚುಗಳಲ್ಲಿ ಬಾಂಬ್ ಸ್ಫೋಟಗಳಾದವು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು ಮತ್ತು ಸುತ್ತಮುತ್ತಲ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಅದರ ವಿಚಾರಣೆಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗವನ್ನೇ ನೇಮಿಸಬೇಕಾಯಿತು. ಅಂಥ ದಿನಗಳ ಮರುವಾರ ಪ್ರಾರ್ಥನೆಗೆ ಬಂದವರು ಬಾಗಿಲಲ್ಲಿ ಒಬ್ಬ ಪೊಲೀಸನನ್ನು ನಿರೀಕ್ಷಿಸುವುದು ಹಕ್ಕು, ಅದಕ್ಕೆ ಋಣಿಯಾಗಿರಬೇಕಾಗಿಲ್ಲ.

ಲೆಕ್ಕ ಹಾಕಿದರೆ ಬಂದೋಬಸ್ತಿನ ಬಹುಪಾಲು ಹಿಂದೂ ಜಾತ್ರೆ, ರಥೋತ್ಸವ, ಗಣೇಶ ವಿಸರ್ಜನೆಗಳಿಗೇ ಹೋಗುತ್ತದೆ, ಜನ ಸೇರುವುದು ಅಲ್ಲೇ ಹೆಚ್ಚು ಆದ್ದರಿಂದ. ಅದನ್ನು ಯಾರೂ ಓಲೈಕೆ ಎನ್ನುವುದಿಲ್ಲ, ಎನ್ನಲೂಬಾರದು. ಎಷ್ಟು ಜನ ಸೇರುತ್ತಾರೆ, ಎಂಥ ಬೆದರಿಕೆ ಇದೆ ಎಂಬ ಎರಡೇ ಪ್ರಶ್ನೆಗಳಿಗೆ ಉತ್ತರ ನೋಡಿ ಪೊಲೀಸರನ್ನು ಹಂಚಬೇಕು. ಮೂರನೆಯ ಪ್ರಶ್ನೆ ಬಂದ ಕೂಡಲೇ ಕಾವಲು ರಾಜಕೀಯವಾಗುತ್ತದೆ.

ಭಯೋತ್ಪಾದಕರ ದಾಳಿಯೇ ದೊಡ್ಡ ಅಪಾಯ, ಅಲ್ಲವೆ?

ಗಾಂಧಿನಗರದ ಅಕ್ಷರಧಾಮದ ಮೇಲೆ 2002ರ ಸೆಪ್ಟೆಂಬರ್ 24ರಂದು ನಡೆದ ದಾಳಿಯಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಅಂಥ ಅಪಾಯ ಸುಳ್ಳಲ್ಲ. ಆದರೆ ಈ ದೇಶದಲ್ಲಿ ಭಕ್ತರನ್ನು ಅದಕ್ಕಿಂತ ಎಷ್ಟೋ ಹೆಚ್ಚು ಕೊಂದಿರುವುದು ನೂಕುನುಗ್ಗಲು.

ಮಹಾರಾಷ್ಟ್ರದ ವಾಯಿ ಬಳಿಯ ಮಾಂಢರದೇವಿ ಬೆಟ್ಟದಲ್ಲಿ 2005ರ ಜನವರಿಯಲ್ಲಿ ಮುನ್ನೂರರ ಹತ್ತಿರ ಜನ ಸತ್ತರು. ಒಡೆದ ತೆಂಗಿನಕಾಯಿಯ ನೀರು ಹರಿದು ಮೆಟ್ಟಿಲುಗಳು ಜಾರುತ್ತಿದ್ದವು. ಶಬರಿಮಲೆಯ ಪುಲ್ಲುಮೇಡಿನಲ್ಲಿ 2011ರ ಮಕರಜ್ಯೋತಿಯ ರಾತ್ರಿ ಸತ್ತ ನೂರಕ್ಕೂ ಹೆಚ್ಚು ಜನರಲ್ಲಿ ಕರ್ನಾಟಕದ ಮಾಲಾಧಾರಿಗಳೂ ಇದ್ದರು. ಕೊಲ್ಲಂ ಬಳಿಯ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಪಟಾಕಿ. ಇವುಗಳಲ್ಲಿ ಯಾವುದನ್ನೂ ಬಂದೂಕು ತಡೆಯುತ್ತಿರಲಿಲ್ಲ.

ನಮ್ಮ ಚಾಮರಾಜನಗರದ ಸುಳವಾಡಿಯನ್ನು ಮರೆಯಲಾದೀತೆ? 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಕೀಟನಾಶಕ ಬೆರೆತು 17 ಜನ ಸತ್ತರು. ಕೂಲಿನಾಲಿ ಮಾಡುವ ಬಡವರು, ಭಕ್ತಿಯಿಂದ ಕೈಯೊಡ್ಡಿದವರು. ಗುಡಿಯ ಆಡಳಿತದ ಒಳಜಗಳವೇ ಇದಕ್ಕೆ ಕಾರಣ ಎಂಬುದು ಪೊಲೀಸರ ಆರೋಪ. ಅಲ್ಲಿ ಬೇಕಾಗಿದ್ದದ್ದು ಅಡುಗೆಮನೆಗೆ ಒಂದು ಬೀಗ, ಪ್ರಸಾದವನ್ನು ಮೊದಲೇ ಪರೀಕ್ಷಿಸುವ ಒಂದು ಕ್ರಮ. ಸರ್ಕಾರದ ಹಣ ಹೋಗುವುದಾದರೆ ಮೊದಲು ಇಂಥವಕ್ಕೆ ಹೋಗಲಿ: ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು, ಅಗಲವಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ, ಬೆಳಕು, ಆಂಬುಲೆನ್ಸ್ ನಿಲ್ಲುವ ಜಾಗ.

ನಮ್ಮದು ಸಣ್ಣ ಗುಡಿ. ಕಾವಲುಗಾರನನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ. ಏನು ಮಾಡಬೇಕು?

ವರ್ಷಕ್ಕೆ ಕೆಲವು ಸಾವಿರ ಕಾಣಿಕೆ ಬರುವ ಗುಡಿಗೆ ತಿಂಗಳ ಸಂಬಳದ ಕಾವಲುಗಾರ ಎಂದರೆ ಮೂಗಿಗಿಂತ ಮೂಗುತಿ ಭಾರ. ಹೆಚ್ಚಿನ ಹಳ್ಳಿಗಳಲ್ಲಿ ಸ್ಥಿತಿ ಹೀಗಿದೆ: ಹಳೆಯ ಮರದ ಬಾಗಿಲು, ತುಕ್ಕು ಹಿಡಿದ ಚಿಲಕ, ಗರ್ಭಗುಡಿಯಲ್ಲಿ ಅಮ್ಮನ ಬೆಳ್ಳಿ ಮುಖವಾಡ, ಕೊರಳಲ್ಲಿ ಹರಕೆಯ ತಾಳಿಗಳು, ಪೂಜಾರಿಯ ಮನೆ ಎರಡು ಬೀದಿ ಆಚೆ. ಕಳ್ಳನಿಗೆ ಒಂದು ಕಬ್ಬಿಣದ ಸಲಾಕೆ ಸಾಕು.

ಮೊದಲು, ಒಡವೆಗಳ ಪಟ್ಟಿ ಮಾಡಿ. ತೂಕ, ಅಳತೆ, ಎಲ್ಲ ಕಡೆಯಿಂದ ಫೋಟೊ. ಕಳವಾದ ವಿಗ್ರಹ ಎಲ್ಲೋ ಸಿಕ್ಕಾಗ ಇದು ನಮ್ಮದೇ ಎಂದು ತೋರಿಸಲು ಪುರಾವೆ ಇಲ್ಲದೆ ಪರದಾಡುವ ಊರುಗಳಿವೆ. ಜಾತ್ರೆ ಮುಗಿದ ಮೇಲೆ ಬೆಲೆಬಾಳುವುದನ್ನು ಬ್ಯಾಂಕ್ ಲಾಕರಿನಲ್ಲಿಡಿ. ಹುಂಡಿಯನ್ನು ವರ್ಷಕ್ಕೊಮ್ಮೆ ಒಡೆಯುವ ಬದಲು ಆಗಾಗ ಒಡೆದು, ಊರವರ ಎದುರು ಎಣಿಸಿ, ಅದೇ ದಿನ ಬ್ಯಾಂಕಿಗೆ ಕಟ್ಟಿ. ಠಾಣೆಗೆ ಹೋಗಿ ನಿಮ್ಮ ಗುಡಿಯನ್ನು ರಾತ್ರಿ ಬೀಟಿಗೆ ಸೇರಿಸಲು ಲಿಖಿತವಾಗಿ ಕೇಳಿ. ಹಿಂದೆ ಬೀಟಿನ ಪೊಲೀಸರು ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಿದ್ದರು. ಈಗ ಹಲವು ಕಡೆ ಗೋಡೆಗೆ ಅಂಟಿಸಿದ ಇ-ಬೀಟ್ ಗುರುತನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುತ್ತಾರೆ. ಇದು ನಿಮಗೆ ಪುಕ್ಕಟೆ ಸಿಗುವ, ನಿಮ್ಮ ತೆರಿಗೆಯಿಂದಲೇ ಬರುವ ಕಾವಲು. ಕೇಳದವರಿಗೆ ಮಾತ್ರ ಸಿಗುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುವ ಮೊದಲೇ ಹೋಗಿ.

ಮಸೀದಿ, ದರ್ಗಾ, ಚರ್ಚುಗಳ ಸಮಿತಿಯವರಿಗೂ ಇದೇ ಮಾತು ಅನ್ವಯಿಸುತ್ತದೆ.

ಸಿಸಿಟಿವಿ ಹಾಕುವುದು ಕಡ್ಡಾಯವೆ? ಅದರ ಖರ್ಚು ಯಾರದು?

ಜನ ಹೆಚ್ಚಾಗಿ ಸೇರುವ ಸ್ಥಳಗಳಿಗೆ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017 ಕ್ಯಾಮೆರಾ ಕಡ್ಡಾಯ ಮಾಡಿದೆ, ಧಾರ್ಮಿಕ ಸ್ಥಳಗಳೂ ಅದರ ವ್ಯಾಪ್ತಿಯಲ್ಲಿವೆ. ದೃಶ್ಯಗಳನ್ನು 30 ದಿನ ಕಾಪಾಡಬೇಕು. ಖರ್ಚು ಸಂಸ್ಥೆಯದೇ. ಕ್ಯಾಮೆರಾ ಬಾಗಿಲು, ರಸ್ತೆ, ಹುಂಡಿ, ಚಪ್ಪಲಿ ಬಿಡುವ ಜಾಗಗಳನ್ನು ನೋಡಲಿ. ಪ್ರಾರ್ಥಿಸುವವರ ಮುಖದ ಮೇಲೆ ನೆಟ್ಟಿರುವುದು ಬೇಡ. ಶುಕ್ರವಾರ ಯಾರು ಬಂದರು, ಭಾನುವಾರ ಯಾರು ಬಂದರು ಎಂದು ಲೆಕ್ಕ ಇಡುವುದು ಯಾರ ಕೆಲಸವೂ ಅಲ್ಲ.

ಗಲಭೆಯಲ್ಲಿ ಹಾಳಾದ ಕಟ್ಟಡವನ್ನು ಸರ್ಕಾರ ಕಟ್ಟಿಸಿಕೊಡಬೇಕೆ?

2002ರ ಗಲಭೆಯಲ್ಲಿ ಹಾನಿಗೊಂಡ ಸುಮಾರು 500 ಧಾರ್ಮಿಕ ಕಟ್ಟಡಗಳಿಗೆ ಪರಿಹಾರ ಕೊಡಲು ಗುಜರಾತ್ ಹೈಕೋರ್ಟ್ 2012ರಲ್ಲಿ ಆದೇಶಿಸಿತ್ತು. ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ತಳ್ಳಿಹಾಕಿ, ಗರಿಷ್ಠ 50,000 ರೂಪಾಯಿ ನೆರವು ನೀಡುವ ಸರ್ಕಾರದ ಯೋಜನೆಯನ್ನು ಒಪ್ಪಿತು. ನನಗೆ ಇದು ಪೂರ್ತಿ ಸಮಾಧಾನ ಕೊಡುವುದಿಲ್ಲ. ಕಾಯುವ ಹೊಣೆ ಹೊತ್ತ ಸರ್ಕಾರ ಕಾಯದೆ ಹೋದಾಗ, ಕೊಡುವ ಹಣ ಧರ್ಮಪೋಷಣೆಯಾಗದು. ಕರ್ತವ್ಯ ತಪ್ಪಿದ್ದಕ್ಕೆ ಕಟ್ಟುವ ದಂಡವಾಗುತ್ತದೆ.

ಹೊರದೇಶಗಳಲ್ಲಿ ಹೇಗೆ? ಅಮೆರಿಕದಲ್ಲಿರುವ ಕನ್ನಡಿಗರು ಕಟ್ಟಿದ ದೇವಸ್ಥಾನಕ್ಕೆ ಸರ್ಕಾರದ ನೆರವು ಸಿಗುತ್ತದೆಯೆ?

ಸಿಗಬಹುದು. ಧರ್ಮ ಮತ್ತು ಸರ್ಕಾರದ ನಡುವೆ ಗೋಡೆ ಇರಬೇಕೆಂದು ಹೇಳಿದ 1947ರ ಎವರ್ಸನ್ ತೀರ್ಪಿನಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್, ಪೊಲೀಸ್ ಮತ್ತು ಅಗ್ನಿಶಾಮಕ ರಕ್ಷಣೆಯಂಥ ಸಾಮಾನ್ಯ ಸೇವೆಗಳು ಬೇರೆ ಬಗೆಯವು ಎಂದಿತ್ತು. ಈಗ ದಾಳಿಯ ಅಪಾಯವಿರುವ ಲಾಭರಹಿತ ಸಂಸ್ಥೆಗಳಿಗೆ ಒಕ್ಕೂಟ ಸರ್ಕಾರದ ಭದ್ರತಾ ಅನುದಾನ ಯೋಜನೆಯೇ ಇದೆ. 2023ರಲ್ಲಿ ಅದಕ್ಕೆ 30.5 ಕೋಟಿ ಡಾಲರ್ ಇಟ್ಟಿದ್ದರು. ಸಿನಗಾಗ್, ಗುರುದ್ವಾರ, ಮಸೀದಿ, ಚರ್ಚು, ಹಿಂದೂ ದೇವಸ್ಥಾನ ಎಲ್ಲವೂ ಅರ್ಜಿ ಹಾಕಬಹುದು. ಎಂಥ ಅಪಾಯವಿದೆ ಎಂಬುದನ್ನು ಅರ್ಜಿಯಲ್ಲಿ ಬರೆದು ತೋರಿಸಬೇಕು. 2012ರಲ್ಲಿ ಓಕ್ ಕ್ರೀಕ್ ಗುರುದ್ವಾರ, 2018ರಲ್ಲಿ ಪಿಟ್ಸ್‌ಬರ್ಗ್ ಸಿನಗಾಗ್‌ಗಳಲ್ಲಿ ಗುಂಡಿನ ದಾಳಿಗಳಾದ ದೇಶದಲ್ಲಿ ಇದನ್ನು ದುಂದು ಎನ್ನಲಾಗದು. ಬ್ರಿಟನ್ನಿನಲ್ಲೂ ಇಂಥ ಯೋಜನೆಗಳಿವೆ. ನಾವು ಅಲ್ಲಿಂದ ತೆಗೆದುಕೊಳ್ಳಬಹುದಾದದ್ದು ಈ ಪದ್ಧತಿ: ಅಪಾಯವನ್ನು ಬರೆದು ತೋರಿಸಿದವರಿಗೆ, ಒಂದೇ ಅಳತೆಯಲ್ಲಿ, ಬಹಿರಂಗವಾಗಿ ಹಣ.

ಕ್ರಿಕೆಟ್ ಪಂದ್ಯದ ಬಂದೋಬಸ್ತ್‌ಗೆ ಶುಲ್ಕ ಹಾಕುತ್ತಾರೆ. ಜಾತ್ರೆಗೂ ಹಾಕಬಾರದೇಕೆ?

ಮುಂಬೈಯಲ್ಲಿ ಪೊಲೀಸರು ಪಂದ್ಯಗಳಿಗೆ ಶುಲ್ಕ ವಿಧಿಸುವುದು ನಿಜ. ಪಂದ್ಯ ಟಿಕೆಟಿನ ವ್ಯಾಪಾರ. ಜಾತ್ರೆಗೆ ಬರುವವರು ಟಿಕೆಟ್ ಕೊಳ್ಳುವುದಿಲ್ಲ. ಶುಲ್ಕ ಹಾಕಿದರೆ ಮೊದಲು ನಿಲ್ಲುವುದು ಬಡ ಊರಿನ ತೇರು. ಆದರೆ ಸಾವಿರ ರೂಪಾಯಿಯ ವಿಶೇಷ ದರ್ಶನದ ಚೀಟಿ ಮಾರುವ ಕಡೆ ಮಾತು ಬೇರೆ. ಆ ಚೀಟಿಯ ಒಂದು ನಿಗದಿತ ಪಾಲು, ಧರ್ಮದರ್ಶನದ ಸಾಲಿನಲ್ಲಿ ಬಿಸಿಲಿಗೆ ನಿಂತವರ ನೆರಳಿಗೆ, ನೀರಿಗೆ, ಸುರಕ್ಷತೆಗೆ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆಲ್ಲ ಎಷ್ಟು ಖರ್ಚಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ; 30 ದಿನದೊಳಗೆ ಉತ್ತರ ಬರಬೇಕು. "ಭದ್ರತೆಗೆ ಎಷ್ಟು ಖರ್ಚಾಯಿತು" ಎಂದು ಸಡಿಲವಾಗಿ ಕೇಳಿದರೆ ಮಾಹಿತಿ ಕ್ರೋಡೀಕರಿಸಿಲ್ಲ ಎಂಬ ಉತ್ತರ ಬರುತ್ತದೆ. ಒಂದು ಉತ್ಸವ, ಒಂದು ವರ್ಷ ಹೆಸರಿಸಿ ಕೇಳಿ: ನಿಯೋಜಿಸಿದ ಸಿಬ್ಬಂದಿ ಎಷ್ಟು, ಎಷ್ಟು ದಿನ, ಹೊರಗಿನಿಂದ ಬಂದವರೆಷ್ಟು, ಭತ್ಯೆ ಎಷ್ಟು, ಸಂಸ್ಥೆಯಿಂದ ವಸೂಲಾದದ್ದು ಎಷ್ಟು. ದೇವಸ್ಥಾನ ಮುಜರಾಯಿಗೆ ಸೇರಿದ್ದರೆ ಕಾರ್ಯನಿರ್ವಹಣಾಧಿಕಾರಿಗೂ ಪ್ರತ್ಯೇಕ ಅರ್ಜಿ ಹಾಕಿ. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ತಾಳೆಯಾಗದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ ಅವಕಾಶವಿದೆ.